ಗಿಟಾರ್ ಟ್ರೆಮೊಲೊಗೆ ಮೂರು ಸ್ಪ್ರಿಂಗ್ ಸಾಕಾ, ಐದು ಬೇಕಾ? ನೇರ ಹಾಕಬೇಕಾ, ಓರೆ ಹಾಕಬೇಕಾ?

ಟ್ರೆಮೊಲೊ ಅಂದರೆ ತಂತಿಗಳು ಕೂತಿರುವ ಬ್ರಿಡ್ಜ್ ಅನ್ನು ಬಾರ್ ಅನ್ನೋ ಕಡ್ಡಿಯಿಂದ ಅಲ್ಲಾಡಿಸಿ ಸ್ವರ ಏರಿಳಿಸುವ ವ್ಯವಸ್ಥೆ; ಗಿಟಾರ್ ಹಿಂದಿನ ಸ್ಪ್ರಿಂಗ್‌ಗಳು ಬ್ರಿಡ್ಜ್ ಅನ್ನು ತಂತಿಗಳ ಎದುರು ಎಳೆದಿಡುತ್ತವೆ. ಬಾರ್ ಒತ್ತಿ ಬಿಟ್ಟ ಮೇಲೆ ಟ್ಯೂನಿಂಗ್ ಕೆಡುತ್ತದೆ, ಅದಕ್ಕೆ ಇನ್ನೆರಡು ಸ್ಪ್ರಿಂಗ್ ಸೇರಿಸಲಾ ಅಂತ ಕೇಳಿದ್ದೀರಿ. ದಯವಿಟ್ಟು ಸೇರಿಸಬೇಡಿ. ನಾನು ಸೇರಿಸಿದ್ದೆ.

ಆಗ ಬಳ್ಳಾರಿಯ ಒಂದು ಆರ್ಕೆಸ್ಟ್ರಾದಲ್ಲಿ ಲೀಡ್ ನುಡಿಸುತ್ತಿದ್ದೆ. ಸ್ಟ್ರಾಟ್ (ಫೆಂಡರ್ ಸ್ಟ್ರಾಟೊಕಾಸ್ಟರ್) ಮಾದರಿಯ ಸಾಧಾರಣ ಗಿಟಾರ್, 9-42 ತಂತಿ (ಅತಿ ಸಣ್ಣ ತಂತಿಯ ದಪ್ಪ ಇಂಚಿನ ಸಾವಿರ ಭಾಗದಲ್ಲಿ 9, ಅತಿ ದಪ್ಪದ್ದು 42), ಹಿಂದೆ ಮೂರು ಸ್ಪ್ರಿಂಗ್. ಬಾರ್ ಮುಟ್ಟಿದರೆ ಸಾಕು, ಜಿ ತಂತಿ ತನ್ನ ಸ್ವರಕ್ಕೆ ವಾಪಸ್ ಬರುತ್ತಿರಲಿಲ್ಲ. ನಮ್ಮ ಕಡೆ ಹಾರ್ಮೋನಿಯಂ ರಿಪೇರಿಗೆ ಜನ ಸಿಗುತ್ತಾರೆ, ಇದನ್ನು ಕೇಳೋಣ ಅಂದರೆ ಯಾರೂ ಗೊತ್ತಿರಲಿಲ್ಲ. ಸ್ಪ್ರಿಂಗ್ ಜಾಸ್ತಿ ಆದರೆ ಹಿಡಿತ ಜಾಸ್ತಿ ಅಂದುಕೊಂಡು ಐದೂ ಹಾಕಿದೆ.

ತಪ್ಪಿದ್ದು ಇಲ್ಲೇ, ನಿಧಾನವಾಗಿ ಓದಿ. ಬ್ರಿಡ್ಜ್ ಹಿಂಭಾಗ ಮರಕ್ಕೆ ತಾಗದೆ ತೇಲಿಕೊಂಡು ನಿಂತಿದೆ ಅಂದರೆ ತಂತಿಗಳ ಎಳೆತ, ಸ್ಪ್ರಿಂಗ್‌ಗಳ ಎಳೆತ ಎರಡೂ ತಕ್ಕಡಿಯ ಹಾಗೆ ಸಮ ಆಗಿವೆ. 9-42 ಸೆಟ್ ಮಾಮೂಲಿ ಟ್ಯೂನಿಂಗ್‌ನಲ್ಲಿ ಸುಮಾರು 38 ಕೆಜಿ ಎಳೆಯುತ್ತದೆ, 10-46 ಸೆಟ್ ಸುಮಾರು 46 ಕೆಜಿ. ಅದನ್ನು ಮೂರು ಸ್ಪ್ರಿಂಗ್ ಹೊತ್ತರೂ ಐದು ಹೊತ್ತರೂ ಒಟ್ಟು ಭಾರ ಅಷ್ಟೇ. ಐದಿದ್ದರೆ ಒಂದೊಂದೂ ಕಡಿಮೆ ಹಿಗ್ಗಿರಬೇಕು. ಅಂದರೆ ಸ್ಪ್ರಿಂಗ್‌ಗಳನ್ನು ಹಿಡಿದಿರುವ ಕ್ಲಾ ಅನ್ನೋ ತಟ್ಟೆಯ ಎರಡು ಸ್ಕ್ರೂಗಳನ್ನು ಸಿಕ್ಕಾಪಟ್ಟೆ ಸಡಿಲಿಸಬೇಕು. ಬದಲಾಗುವುದು ಬಾರ್‌ನ ಗಡಸು ಮಾತ್ರ. ಟ್ಯೂನಿಂಗ್ ಅಲ್ಲ!

ಐದು ಹಾಕಿದ ಕೂಡಲೇ ಬ್ರಿಡ್ಜ್ ಕೆಳಗೆ ಕೂತುಬಿಟ್ಟಿತು. ಎತ್ತಲು ಸ್ಕ್ರೂ ಬಿಚ್ಚುತ್ತಾ ಹೋದೆ, ಬಿಚ್ಚುತ್ತಾ ಹೋದೆ. ಕೊನೆಗೆ ಮೆತ್ತನೆ ಮರದಲ್ಲಿ ಅವು ತುದಿಯ ಕೆಲವೇ ಸುತ್ತಿನ ಮೇಲೆ ನಿಂತಿದ್ದವು. ಗಂಗಾವತಿ ಕಡೆಯ ಒಂದು ರಿಸೆಪ್ಷನ್. ಬಾರ್ ಗಡಸಾಗಿತ್ತಲ್ಲ, ಜೋರಾಗಿ ಒತ್ತಿದೆ. ಒಂದು ಸ್ಕ್ರೂ ಮರ ಕಿತ್ತುಕೊಂಡು ಬಂತು. ಆರೂ ತಂತಿ ಒಟ್ಟಿಗೆ ಇಳಿದವು. ಬೇರೆ ಗಿಟಾರ್ ತಂದಿರಲಿಲ್ಲ. ಆ ರಾತ್ರಿಯ ದುಡ್ಡು ಹೋಯಿತು, ಆ ಸೀಸನ್ನಿನ ಉಳಿದ ಕಾರ್ಯಕ್ರಮಗಳೂ ಹೋದವು. ಕೌಲ್ ಬಜಾರಿನ ಬಡಗಿಯೊಬ್ಬರು ಫೆವಿಕಾಲ್ ಜೊತೆ ಬಿದಿರಿನ ಕಡ್ಡಿ ತುಂಬಿ ತೂತು ಸರಿ ಮಾಡಿಕೊಟ್ಟರು. ಆ ಕೆಲಸ ಇವತ್ತಿಗೂ ಗಟ್ಟಿ ಇದೆ.

ಅಸಲಿ ತೊಂದರೆ ಎಲ್ಲಿತ್ತು ಗೊತ್ತಾ? ನಟ್‌ನಲ್ಲಿ, ಅಂದರೆ ಕತ್ತಿನ ತುದಿಯಲ್ಲಿ ತಂತಿಗಳು ಹಾದುಹೋಗುವ ಪಟ್ಟಿಯಲ್ಲಿ. ಜಿ ತಂತಿ ಅದರ ಕಚ್ಚಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಪೆನ್ಸಿಲ್ ಸೀಸ ಉಜ್ಜಿದ ಮೇಲೆ ಸರಾಗವಾಗಿ ಜಾರಿತು. ನೀವೂ ಮೊದಲು ಅದನ್ನೇ ಮಾಡಿ. ಹೊಸ ತಂತಿಯಾದರೆ ಕೈಯಿಂದ ಚೆನ್ನಾಗಿ ಎಳೆದು ಹಿಗ್ಗಿಸಿ, ಮತ್ತೆ ಟ್ಯೂನ್ ಮಾಡಿ.

ನೇರವಾ ಓರೆಯಾ ಅನ್ನೋದರ ಬಗ್ಗೆ ಜನ ಸುಮ್ನೆ ಜಗಳ ಆಡುತ್ತಾರೆ. ಹೊರಗಿನ ಎರಡನ್ನು ಕ್ಲಾದ ನಡುವಿನ ಕೊಕ್ಕೆಗಳ ಕಡೆ ಓರೆ ಮಾಡಿದರೆ ಅವು ಸ್ವಲ್ಪ ಜಾಸ್ತಿ ಹಿಗ್ಗುತ್ತವೆ, ಎಳೆತ ಒಂಚೂರು ಏರುತ್ತದೆ. ದಪ್ಪ ತಂತಿಗೆ ಕ್ಲಾ ಪೂರ್ತಿ ಒಳಗೆ ಹೋದರೂ ಸಾಲದಿದ್ದಾಗ ಅದು ಉಪಯೋಗ. ದಪ್ಪ ತಂತಿ ಕಡೆ, ಸಣ್ಣ ತಂತಿ ಕಡೆ ಬೇರೆ ಬೇರೆ ಎಳೆತ ಸಿಗುತ್ತದೆ ಅನ್ನೋದನ್ನು ನಾನು ಒಪ್ಪುವುದಿಲ್ಲ. ಬ್ರಿಡ್ಜ್ ಕೆಳಗೆ ಸ್ಪ್ರಿಂಗ್‌ಗಳು ಸಿಕ್ಕಿಸಿಕೊಂಡಿರುವ ಬ್ಲಾಕ್ ಒಂದೇ ಲೋಹದ ತುಂಡು ಅಲ್ವಾ, ಒಂದು ಕಡೆ ಎಳೆದರೆ ಪೂರ್ತಿ ತಿರುಗುತ್ತದೆ.

ಬಾರ್ ಬಳಸುವವರಾದರೆ ಮೂರೇ ಇರಲಿ. ಬ್ರಿಡ್ಜ್ ಹಿಂಭಾಗ ಸುಮಾರು 3 ಮಿಮೀ ಎದ್ದಿರಲಿ. ತಂತಿ ಸಡಿಲಿಸಿ, ಎರಡೂ ಸ್ಕ್ರೂ ಅರ್ಧ ಸುತ್ತು ತಿರುಗಿಸಿ, ಟ್ಯೂನ್ ಮಾಡಿ, ಅಳೆಯಿರಿ. ಬೇಸರ ಬಂದರೂ ಹಾಗೇ ಮಾಡಿ. ಬಾರ್ ಮುಟ್ಟುವುದೇ ಇಲ್ಲ ಅನ್ನುವವರು ಮಾತ್ರ ಐದು ಹಾಕಿ ಬ್ರಿಡ್ಜ್ ಅನ್ನು ಮರಕ್ಕೆ ಕೂರಿಸಿಬಿಡಿ. ಆಗ ಸ್ಕ್ರೂ ಸಡಿಲಿಸುವ ಮಾತೇ ಇಲ್ಲ, ಕಾರ್ಯಕ್ರಮದ ಮಧ್ಯೆ ಒಂದು ತಂತಿ ಹರಿದರೂ ಉಳಿದ ಐದು ಟ್ಯೂನ್‌ನಲ್ಲೇ ಇರುತ್ತವೆ.