ಆ್ಯಂಕ್ಷಸ್ ಅಂದರೆ ಬರೀ ಕಾತರ ಅಲ್ಲ

ತಂಗಿ, ಮುಂದಿನ ತಿಂಗಳು ಕೆಲಸಕ್ಕೆ ಅಂತ ಇಂಗ್ಲೆಂಡಿಗೆ, ನಮ್ಮ ಲೀಡ್ಸ್ ಊರಿಗೇ ಬರುತ್ತಿದ್ದೀಯ ಅಂತ ಓದಿ ಖುಷಿಯಾಯಿತು. ಚಳಿ ಬಟ್ಟೆ, ಬಾಡಿಗೆ ಮನೆ, ಇಂಗ್ಲಿಷ್, ಮೂರನ್ನೂ ಕೇಳಿದ್ದೀಯ. ದಪ್ಪ ಕೋಟು ಇಲ್ಲೇ ಬಂದು ತಗೋ. ಕಣ್ಣಾರೆ ನೋಡದೆ ಯಾವ ಮನೆಗೂ ಅಡ್ವಾನ್ಸ್ ಕೊಡಬೇಡ. ಚಟ್ನಿಪುಡಿ ಎಷ್ಟು ತರಬೇಕು ಅಂತ ನಾನು ಹೇಳಬೇಕಾಗಿಲ್ಲ, ನಿಮ್ಮಮ್ಮ ಆಗಲೇ ಶುರು ಮಾಡಿರುತ್ತಾರೆ.

ನಿನ್ನ ಮೂರನೇ ಪ್ರಶ್ನೆಗೆ ಮಾತ್ರ ಕೂತು ಬರೆಯಬೇಕು ಅನ್ನಿಸಿತು. "ಅಕ್ಕ, ಎಕ್ಸೈಟೆಡ್, ಈಗರ್, ಕೀನ್, ಆ್ಯಂಕ್ಷಸ್ ಎಲ್ಲಾ ಒಂದೇ ಅಲ್ವಾ? ಹೊಸ ಆಫೀಸಿನವರಿಗೆ ಯಾವುದನ್ನು ಬರೆಯಲಿ?"

ಒಂದೇ ಅಲ್ಲ. ಎಕ್ಸೈಟೆಡ್ ಅಂದರೆ ಖುಷಿಗೆ ಕಾಲು ನೆಲದ ಮೇಲೆ ನಿಲ್ಲದ ಹಾಗೆ. ಕೆಲಸ ಎಕ್ಸೈಟಿಂಗ್, ನೀನು ಎಕ್ಸೈಟೆಡ್. ಅದಲುಬದಲು ಮಾಡಬೇಡ. ಈಗರ್‌ನಲ್ಲಿ ಯಾವಾಗ ಶುರು ಮಾಡುತ್ತೇನೋ ಅನ್ನುವ ತವಕ ಇದೆ. ಕೀನ್ ಇಲ್ಲಿಯವರ ದಿನದ ಮಾತು, ಆಸಕ್ತಿ ಇದೆ ಅಂತ ಅಷ್ಟೇ. ಆದರೆ "ನಾಟ್ ಕೀನ್" ಅಂದರೆ ಬೇಡ ಅಂತಲೇ ತಿಳಿ. ಆಫೀಸಿಗೆ "ಲುಕಿಂಗ್ ಫಾರ್ವರ್ಡ್ ಟು ಜಾಯಿನಿಂಗ್" ಅಂತ ಬರೆದರೆ ಸಾಕು.

ಇನ್ನು ಆ್ಯಂಕ್ಷಸ್. ಶಾಲೆಯಲ್ಲಿ ನಮ್ಮ ಮೇಷ್ಟ್ರು ಅದಕ್ಕೆ ಕಾತರ ಅಂತ ಅರ್ಥ ಬರೆಸಿದ್ದರು. ತಪ್ಪೇನಲ್ಲ. "ಆ್ಯಂಕ್ಷಸ್ ಟು ಮೀಟ್ ಯು" ಅಂದರೆ ನೋಡುವ ಕಾತರವೇ. ಅದರ ಬೆನ್ನಿಗೆ ಅಬೌಟ್ ಬಂತೋ, ಅಲ್ಲಿರುವುದು ಆತಂಕ. ಮಗ ಬರುವ ಬಸ್ಸು ತಡವಾದಾಗ ಒಳಗೂ ಹೊರಗೂ ಓಡಾಡುವ ಅಮ್ಮನ ಕಾತರದಲ್ಲಿ ಖುಷಿ, ಭಯ ಎರಡೂ ಇರುತ್ತವೆ. ನಾವು ಅದನ್ನು ಬಿಡಿಸಿ ನೋಡುವುದಿಲ್ಲ.

2007ರ ಅಕ್ಟೋಬರ್, ನಾನು ಬಂದ ಹೊಸತು. ಅಪರೂಪಕ್ಕೆ ಬಿಸಿಲಿತ್ತು. ಪಕ್ಕದ ಮನೆಯ ಅಜ್ಜಿ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಾ "ಐ ಆ್ಯಮ್ ಆ್ಯಂಕ್ಷಸ್ ಅಬೌಟ್ ಥರ್ಸ್‌ಡೇ" ಅಂದರು. ಮಗನೋ ಮೊಮ್ಮಕ್ಕಳೋ ಬರುತ್ತಾರೆ ಅಂದುಕೊಂಡೆ. ನಗುತ್ತಾ "ಓ, ಹೌ ಎಕ್ಸೈಟಿಂಗ್!" ಅಂದುಬಿಟ್ಟೆ. ಅವರ ಕೈಲಿದ್ದ ಮರದ ಕ್ಲಿಪ್ಪು ಹಗ್ಗದ ಹತ್ತಿರ ಹೋಗಿ ನಿಂತಿತು. ಮೆಲ್ಲಗೆ "ಯೆಸ್, ಡಿಯರ್" ಅಂದರು. ಇನ್ನೂ ಅರ್ಧ ಬಟ್ಟೆ ಇದ್ದ ಬುಟ್ಟಿಯನ್ನು ಹಾಗೇ ಎತ್ತಿಕೊಂಡು ಒಳಗೆ ಹೋದರು.

ಆ ಗುರುವಾರ ಅವರಿಗೆ ಸ್ಕ್ಯಾನ್ ಇತ್ತಂತೆ. ಇನ್ನೊಬ್ಬ ನೆರೆಯವರಿಂದ ನನಗೆ ಅದು ತಿಳಿಯುವಷ್ಟರಲ್ಲಿ ಮಗ ಬಂದು ಅವರನ್ನು ತನ್ನೂರಿಗೆ ಕರೆದುಕೊಂಡು ಹೋಗಿದ್ದ. ವಿಳಾಸ ಕೇಳಿ ತೆಗೆದುಕೊಂಡೆ. ಕಾಗದ ಬರೆಯಲಿಲ್ಲ. ಮತ್ತೆ ಯಾವುದಾದರೂ ಪದ ತಪ್ಪಿ ಇನ್ನೂ ನೋಯಿಸಿಬಿಟ್ಟರೆ ಅಂತ ಹೆದರಿ ದಿನ ದೂಡಿದೆ. ತಪ್ಪು ಇಂಗ್ಲಿಷಲ್ಲಾದರೂ ಬರೆಯಬೇಕಿತ್ತು. ಇವತ್ತಿಗೂ ಚುಚ್ಚುತ್ತದೆ.

ಅದಕ್ಕೇ ತಂಗಿ, ಯಾರಾದರೂ ಹಾಗಂದರೆ ಮೊದಲು ಅವರ ಮುಖ ನೋಡು. ಗೊತ್ತಾಗದಿದ್ದರೆ "ವಾಟ್ಸ್ ಹ್ಯಾಪನಿಂಗ್ ಆನ್ ಥರ್ಸ್‌ಡೇ?" ಅಂತ ಸುಮ್ನೆ ಕೇಳು. ಯಾರೂ ತಪ್ಪು ತಿಳಿಯುವುದಿಲ್ಲ.

ಬಂದ ಮೊದಲ ಭಾನುವಾರ ಊಟಕ್ಕೆ ನಮ್ಮ ಮನೆಗೇ ಬಾ. ಅನ್ನ, ಸಾರು ನಾನು ಮಾಡಿರುತ್ತೇನೆ. ಚಟ್ನಿಪುಡಿ ನೀನು ತಾ.