ಹುಲಿ ಸಾಯಲೇಬೇಕೇ?

ಪ್ರಶ್ನೆ: ಎರಡನೇ ತರಗತಿಯ ಮಕ್ಕಳಿಗಾಗಿ ಪುಣ್ಯಕೋಟಿಯ ಕಥೆಯನ್ನು ಗದ್ಯದಲ್ಲಿ ಬರೆದಿದ್ದೇನೆ. ಸಾವು ಬೇಡವೆಂದು, ಹುಲಿ ಹುಲ್ಲು ತಿಂದು ಹಸುವಿನ ಗೆಳೆಯನಾಯಿತು ಎಂದು ಮುಗಿಸಿದ್ದೇನೆ. ಸರಿಯೇ?
– ಶಿಕ್ಷಕಿ, ಹಾಸನ

ಉತ್ತರ: ಬೇಡ. ಹುಲ್ಲು ಮೇಯುವ ಹುಲಿಯನ್ನು ಏಳು ವರ್ಷದ ಮಗು ನಂಬುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಹಸು ಪ್ರಾಣ ಕೊಡಲು ಸಿದ್ಧವಾಗಿ ಬಂದು ನಿಂತಿದೆ, ಹುಲಿ ಮಾತ್ರ ಏನೂ ತೆರದೆ ಒಳ್ಳೆಯದಾಗಿಬಿಡುತ್ತದೆ. ಕಥೆಯ ತೂಕವೇ ತಪ್ಪುತ್ತದೆ.

ಸಾವನ್ನು ಉಳಿಸಿಕೊಳ್ಳಿ, ಅಲ್ಲಿ ನಿಲ್ಲುವ ಹೊತ್ತನ್ನು ಕಡಿಮೆ ಮಾಡಿ. ರಕ್ತ, ನರಳಾಟ ಬೇಡ. "'ನೀನು ನನ್ನ ಒಡಹುಟ್ಟಿದ ಅಕ್ಕನ ಹಾಗೆ' ಎಂದಿತು ಹುಲಿ. ಮೇಲಕ್ಕೆ ನೆಗೆಯಿತು. ಮತ್ತೆ ಏಳಲಿಲ್ಲ." ಇಷ್ಟು ಸಾಕು. ಹಾಡು ಕೂಡ ಅಲ್ಲಿಗೆ ನಿಲ್ಲುವುದಿಲ್ಲವಲ್ಲ. ಪುಣ್ಯಕೋಟಿ ದೊಡ್ಡಿಗೆ ಮರಳಿ ಕರುವಿಗೆ ಹಾಲೂಡಿಸುತ್ತದೆ. ನಿಮ್ಮ ಕೊನೆಯ ಚಿತ್ರವೂ ಅದೇ ಆಗಲಿ.

ಮರುಕಥನಗಳು ಸೋಲುವುದು ಸಾಮಾನ್ಯವಾಗಿ ಹುಲಿಯ ಹತ್ತಿರ ಅಲ್ಲ, ದೊಡ್ಡಿಯಲ್ಲಿ. 'ಕರುವಿಗೆ ಹಾಲುಣಿಸಿ ಬಂದಿತು' ಎಂದು ಒಂದೇ ಸಾಲಿನಲ್ಲಿ ದಾಟಿಬಿಡುತ್ತಾರೆ. ಇನ್ನು ಯಾರ ಹಾಲು ಕುಡಿಯಲಿ, ಯಾರ ಬಳಿ ಮಲಗಲಿ ಎಂದು ಕರು ಕೇಳುತ್ತದೆ. ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ ಎಂದು ತಾಯಿ ಉಳಿದ ಹಸುಗಳನ್ನು ಬೇಡಿಕೊಳ್ಳುತ್ತದೆ. ಕಥೆಯ ಜೀವ ಇಲ್ಲಿದೆ. ಒಟ್ಟು 600 ಪದಗಳಾದರೆ 200 ಇದಕ್ಕೇ ಇಡಿ. ಗೊಲ್ಲನ ವರ್ಣನೆಗೆ 40 ಸಾಕು. ಅವನು ಗಂಗೆ, ಗೌರಿ ಎಂದು ಹೆಸರು ಹಿಡಿದು ಕರೆಯುವುದನ್ನು ಮಾತ್ರ ಹಾಡಿನ ಲಯದಲ್ಲೇ ಬಿಡಿ, ಮಕ್ಕಳು ದನಿಗೂಡಿಸುತ್ತಾರೆ.

'ಕೊಟ್ಟ ಭಾಷೆ' ಎಂದರೆ ಈ ವಯಸ್ಸಿಗೆ ಕನ್ನಡವೋ ಇಂಗ್ಲಿಷೋ ಎಂಬಂತಾಗುತ್ತದೆ. 'ಕೊಟ್ಟ ಮಾತು' ಎನ್ನಿ. 'ವ್ಯಾಘ್ರ' ಹುಲಿಯಾಗಲಿ, 'ಅರ್ಬುತ' ಎಂಬ ಹೆಸರು ಹಾಗೇ ಇರಲಿ. ಮಕ್ಕಳಿಗೆ ಗಡುಸು ಹೆಸರೆಂದರೆ ಇಷ್ಟ.

ಪ್ರಶ್ನೆ: ಗ್ರಿಮ್ ಸಹೋದರರ ಸ್ನೋವೈಟ್ ಕಥೆಯನ್ನು ಕನ್ನಡದಲ್ಲಿ ನನ್ನದೇ ರೀತಿಯಲ್ಲಿ ಬರೆದು ಅಚ್ಚು ಹಾಕಿಸಬಹುದೇ? ಬದಲಾಯಿಸಿದರೆ ಮೂಲಕ್ಕೆ ಅಪಚಾರವಲ್ಲವೇ?
– ಓದುಗ, ಧಾರವಾಡ

ಉತ್ತರ: ಅಚ್ಚು ಹಾಕಿಸಬಹುದು. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡು 60 ವರ್ಷವಾದರೆ ಹಕ್ಕು ಮುಗಿಯುತ್ತದೆ. ವಿಲ್‌ಹೆಲ್ಮ್ ತೀರಿಕೊಂಡದ್ದು 1859ರಲ್ಲಿ, ಯಾಕೋಬ್ 1863ರಲ್ಲಿ. ಆದರೆ ಇತ್ತೀಚಿನ ಇಂಗ್ಲಿಷ್ ಅನುವಾದವೊಂದನ್ನು ಪಕ್ಕದಲ್ಲಿಟ್ಟುಕೊಂಡು ಅದನ್ನೇ ಕನ್ನಡಕ್ಕೆ ಇಳಿಸಿದರೆ ಸಿಕ್ಕಿಬೀಳುತ್ತೀರಿ. ಅನುವಾದಕರ ಹಕ್ಕು ಬೇರೆ. ಸಿನಿಮಾದಿಂದ ಬಂದದ್ದನ್ನೂ ಬೇರ್ಪಡಿಸಿಕೊಳ್ಳಿ. ಗ್ರಿಮ್ ಕಥೆಯಲ್ಲಿ ಏಳು ಕುಳ್ಳರಿಗೆ ಹೆಸರುಗಳಿಲ್ಲ. ಈಗ ಎಲ್ಲರ ಬಾಯಲ್ಲಿರುವ ಹೆಸರುಗಳು ಡಿಸ್ನಿಯ 1937ರ ಚಿತ್ರದವು. ಮುತ್ತಿನಿಂದ ಎಚ್ಚರವಾಗುವುದೂ ಗ್ರಿಮ್ ಕಥೆಯಲ್ಲಿಲ್ಲ. ಸತ್ತಳೆಂದು ಅವಳನ್ನು ಮಲಗಿಸಿದ್ದ ಗಾಜಿನ ಪೆಟ್ಟಿಗೆ ಹೊತ್ತವರು ಎಡವುತ್ತಾರೆ, ಗಂಟಲಲ್ಲಿ ಸಿಕ್ಕಿದ್ದ ಸೇಬಿನ ಚೂರು ಆ ಕುಲುಕಿಗೆ ಹೊರಬೀಳುತ್ತದೆ. ಆರು ವರ್ಷದವರಿಗೆ ಇದೇ ಚೆನ್ನ, ನಗು ಬರುತ್ತದೆ.

ಅಪಚಾರದ ಮಾತಿಗೆ ಬಂದರೆ, 1812ರ ಮೊದಲ ಮುದ್ರಣದಲ್ಲಿ ಸ್ನೋವೈಟ್‌ಳನ್ನು ಕೊಲ್ಲಲು ಹೊರಡುವ ರಾಣಿ ಅವಳ ಹೆತ್ತ ತಾಯಿ. 1819ರ ಮುದ್ರಣಕ್ಕೆ ಮಲತಾಯಿ ಮಾಡಿದವರು ಗ್ರಿಮ್‌ ಸಹೋದರರೇ. ಕಾದ ಕಬ್ಬಿಣದ ಬೂಟು ತೊಟ್ಟು ಸಾಯುವವರೆಗೂ ಕುಣಿಯುವ ಅವಳ ಕೊನೆಯನ್ನು ಚಿಕ್ಕವರಿಗೆ ನೀವು ಬಿಡಬಹುದು. ಕನ್ನಡಿಯನ್ನು ಬಿಡಬೇಡಿ, ಅದು ಪ್ರತಿ ಸಲವೂ ಅದೇ ಪದಗಳಲ್ಲಿ ಮಾತಾಡಲಿ.

ಪ್ರಶ್ನೆ: ಪಂಚತಂತ್ರದ ಕಥೆಗಳ ಕೊನೆಗೆ ನೀತಿ ಬರೆಯಬೇಕೇ?
– ಓದುಗರು, ಶಿರಸಿ

ಉತ್ತರ: ಬೇಕಿಲ್ಲ. ಅಲ್ಲಿ ನೀತಿ ಬರುವುದು ಪ್ರಾಣಿಗಳು ವಾದ ಮಾಡುವಾಗ, ಅವುಗಳ ಬಾಯಿಂದಲೇ. ಸಂಭಾಷಣೆ ಕತ್ತರಿಸಿದ್ದರೆ ಮಾತ್ರ ಕೊನೆಗೆ ಅಂಟಿಸುವ ಗತಿ ಬರುತ್ತದೆ; ಸಂಭಾಷಣೆಯನ್ನು ವಾಪಸು ಹಾಕಿ.