ದೀಪ ಆರಿತ್ತು, ವಾಲ್ವ್ ಮುಚ್ಚಿರಲಿಲ್ಲ

ನಮಸ್ಕಾರ,

ಅಮೆರಿಕದ ಥ್ರೀ ಮೈಲ್ ಐಲೆಂಡ್ ಅಣುಸ್ಥಾವರದ ಅಪಘಾತದ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಬಿಸಾಡುವ ಲೇಖನವೂ ಅಲ್ಲ. ಅದಕ್ಕೇ ಇಷ್ಟುದ್ದ ಉತ್ತರ.

ಮೊದಲು ಶೀರ್ಷಿಕೆ. ‘ಸಾವಿನ ಸ್ಥಾವರ’ ಅಂದಿದ್ದೀರಿ. ಆ ಅಪಘಾತದಲ್ಲಿ ಯಾರೂ ಸಾಯಲಿಲ್ಲ. ತೆಗೆದುಬಿಡಿ.

ನನ್ನ ದೊಡ್ಡ ತಕರಾರು ಮೂರನೇ ಪುಟದ ಒಂದು ಸಾಲಿನ ಮೇಲೆ: ‘ಸಿಬ್ಬಂದಿಯ ನಿರ್ಲಕ್ಷ್ಯದಿಂದ ರಿಯಾಕ್ಟರ್ ಕರಗಿತು.’ ಕಥೆ ಇರುವುದೇ ಆ ಸಾಲಿನೊಳಗೆ. ನೀವು ಇಣುಕಿಯೂ ನೋಡದೆ ಮುಂದೆ ಹೋಗಿದ್ದೀರಿ.

1979ರ ಮಾರ್ಚ್ 28, ಪೆನ್ಸಿಲ್ವೇನಿಯಾ, ಬೆಳಗಿನ ಜಾವ 4 ಗಂಟೆ. ಎರಡನೇ ಘಟಕದಲ್ಲಿ, ರಿಯಾಕ್ಟರಿನ ಬಿಸಿಯಿಂದ ಆವಿ ಮಾಡುವ ಸ್ಟೀಮ್ ಜನರೇಟರ್‌ಗೆ ನೀರು ಕೊಡುವ ಪಂಪುಗಳು ನಿಂತವು. ಟರ್ಬೈನ್ ನಿಂತಿತು. ರಿಯಾಕ್ಟರಿನ ಒತ್ತಡ ಏರಿ, ಅದನ್ನು ಇಳಿಸುವ ವಾಲ್ವ್ ತಾನಾಗಿ ತೆರೆಯಿತು. ಕೆಲವೇ ಸೆಕೆಂಡಿನಲ್ಲಿ ರಿಯಾಕ್ಟರ್ ಕೂಡ ಬಂದ್ ಆಯಿತು. ಬಂದ್ ಆದರೂ ಇಂಧನದ ಬಿಸಿ ತಕ್ಷಣ ಆರುವುದಿಲ್ಲ, ತಂಪು ಮಾಡುವ ನೀರು ಬೇಕೇ ಬೇಕು. ಒತ್ತಡ ಇಳಿದ ಮೇಲೆ ವಾಲ್ವ್ ಮುಚ್ಚಬೇಕಿತ್ತು. ಮುಚ್ಚಲಿಲ್ಲ, ತೆರೆದಂತೆಯೇ ಸಿಕ್ಕಿಕೊಂಡಿತು.

ಇಷ್ಟನ್ನು ನೀವೂ ಬರೆದಿದ್ದೀರಿ. ಬಿಟ್ಟಿದ್ದು ದೀಪದ ವಿಷಯ. ಕಂಟ್ರೋಲ್ ರೂಮಿನಲ್ಲಿ ಆ ವಾಲ್ವ್‌ಗೆ ಅಂತ ಒಂದು ದೀಪ ಇತ್ತು. ಅದು ಆರಿದರೆ ವಾಲ್ವ್ ಮುಚ್ಚಿದೆ ಎಂದು ಅಲ್ಲಿದ್ದವರು ತಿಳಿದಿದ್ದರು. ಆದರೆ ದೀಪ ಹೇಳುತ್ತಿದ್ದದ್ದು ವಾಲ್ವ್ ತೆರೆಯಲು ಕರೆಂಟ್ ಹೋಗುತ್ತಿದೆಯೋ ಇಲ್ಲವೋ ಅನ್ನುವುದನ್ನು ಮಾತ್ರ. ‘ಮುಚ್ಚು’ ಅಂತ ಅಪ್ಪಣೆ ಆಗಿದೆ, ಅಷ್ಟೇ. ಅದು ಪಾಲನೆ ಆಯಿತೋ ಇಲ್ಲವೋ ದೀಪಕ್ಕೆ ಗೊತ್ತಿಲ್ಲ. ನಮ್ಮ ಪಂಪ್‌ಸೆಟ್ ನೆನಪು ಮಾಡಿಕೊಳ್ಳಿ. ಸ್ಟಾರ್ಟರ್‌ನಲ್ಲಿ ದೀಪ ಉರಿಯುತ್ತಿರುತ್ತದೆ. ನೀರು ಬಂತಾ ಅಂತ ತೊಟ್ಟಿ ಹತ್ತಿರ ಹೋಗಿ ನೋಡಿದರೇ ಗೊತ್ತಾಗೋದು, ಅಲ್ವಾ?

ಇನ್ನೊಂದು ಮೋಸ ನೀರಿನ ಮಟ್ಟದ್ದು. ತೆರೆದ ವಾಲ್ವಿನಿಂದ ನೀರು ಸೋರಿ ಹೋಗುತ್ತಲೇ ಇತ್ತು, ಆದರೆ ರಿಯಾಕ್ಟರಿನ ಒತ್ತಡ ಹದದಲ್ಲಿಡುವ ಟ್ಯಾಂಕಿನ, ಅಂದರೆ ಪ್ರೆಷರೈಸರ್‌ನ ಮೀಟರ್ ಮಾತ್ರ ಮಟ್ಟ ಏರುತ್ತಿದೆ ಎಂದು ತೋರಿಸುತ್ತಿತ್ತು. ಒತ್ತಡ ಇಳಿದು ಒಳಗಿನ ನೀರು ಕುದಿಯತೊಡಗಿತ್ತು. ಆವಿ ನೀರನ್ನು ಮೇಲಕ್ಕೆ ತಳ್ಳುತ್ತಿತ್ತು. ಹಾಲು ಉಕ್ಕಿ ಪಾತ್ರೆಯ ಬಾಯಿಗೆ ಬಂದರೆ ಹಾಲು ಜಾಸ್ತಿ ಆಯಿತು ಅಂತಲ್ಲವಲ್ಲ. ಆಪರೇಟರುಗಳಿಗೆ ಕಲಿಸಿದ್ದದ್ದು ಮಾತ್ರ ಒಂದೇ: ಪ್ರೆಷರೈಸರ್ ಪೂರ್ತಿ ತುಂಬಲು ಬಿಡಬೇಡಿ. ಅವರು ಕಲಿತದ್ದನ್ನೇ ಮಾಡಿದರು. ರಿಯಾಕ್ಟರಿಗೆ ತಾನಾಗಿ ಶುರುವಾಗಿದ್ದ ತುರ್ತು ನೀರನ್ನು ಕಡಿಮೆ ಮಾಡಿದರು. ಇದನ್ನು ನಿರ್ಲಕ್ಷ್ಯ ಅಂತ ಹೇಗೆ ಬರೆಯುತ್ತೀರಿ?

ಅದೇ ಹೊತ್ತಿಗೆ ನೂರಕ್ಕೂ ಹೆಚ್ಚು ಅಲಾರಂಗಳು ಒಟ್ಟಿಗೆ ಕೂಗುತ್ತಿದ್ದವು. ಅವನ್ನು ದಾಖಲಿಸುವ ಪ್ರಿಂಟರ್ ಗಂಟೆಗಟ್ಟಲೆ ಹಿಂದೆ ಬಿದ್ದಿತ್ತು. ಸೋರಿದ ನೀರು ಸೇರುವ ಟ್ಯಾಂಕಿನ ಮೀಟರ್ ಇದ್ದದ್ದು ಪ್ಯಾನೆಲ್‌ನ ಹಿಂಬದಿಯಲ್ಲಿ. ಕೊನೆಗೆ 6.22ಕ್ಕೆ, ಆಗಷ್ಟೇ ಕೆಲಸಕ್ಕೆ ಬಂದವರಿಗೆ ಅನುಮಾನ ಬಂದು, ಅದೇ ಕೊಳವೆಯ ಇನ್ನೊಂದು ವಾಲ್ವ್ ಮುಚ್ಚಿಸಿದರು. ಸೋರಿಕೆ ನಿಂತಿತು. ಅಷ್ಟರಲ್ಲಿ ತಡವಾಗಿತ್ತು. ಇಂಧನದ ಸುಮಾರು ಅರ್ಧ ಭಾಗ ಕರಗಿತು.

ಹಾಗಾಗಿ 4ರಿಂದ 6.22ರವರೆಗೆ ಓದುಗರನ್ನು ಆ ಕೋಣೆಯಲ್ಲೇ ಕೂರಿಸಿ. ಅವರಿಗೆ ಕಾಣದ್ದು ಓದುಗರಿಗೂ ಕಾಣಬಾರದು. ನೀವು ಮೊದಲ ಪ್ಯಾರಾದಲ್ಲೇ ವಾಲ್ವ್ ಸಿಕ್ಕಿಕೊಂಡ ಗುಟ್ಟು ಬಿಟ್ಟುಕೊಟ್ಟಿದ್ದೀರಿ. ಆಮೇಲೆ ಆಪರೇಟರುಗಳು ದಡ್ಡರಂತೆ ಕಾಣದೆ ಇನ್ನೇನು?

1977ರ ಸೆಪ್ಟೆಂಬರ್‌ನಲ್ಲಿ ಒಹಾಯೋದ ಡೇವಿಸ್-ಬೆಸ್ಸೆ ಸ್ಥಾವರದಲ್ಲೂ ಇಂಥದ್ದೇ ವಾಲ್ವ್ ಹೀಗೇ ತೆರೆದುಕೊಂಡಿತ್ತು. ಅಲ್ಲಿ ಸುಮಾರು 20 ನಿಮಿಷದಲ್ಲಿ ಪತ್ತೆಯಾಯಿತು. ಆ ಪಾಠ ಪೆನ್ಸಿಲ್ವೇನಿಯಾದ ಆಪರೇಟರುಗಳನ್ನು ಮುಟ್ಟಲೇ ಇಲ್ಲ. ಎರಡು ಸಾಲು ಸಾಕು, ಆದರೆ ಬಿಡಬೇಡಿ.

ಕೊನೆಯಲ್ಲಿ ‘ನಾಳೆ ನಮ್ಮ ಕೈಗಾದಲ್ಲೂ ಹೀಗೇ ಆದೀತು’ ಎಂದು ಸುಮ್ನೆ ಹೆದರಿಸಿದ್ದೀರಿ. ಕೈಗಾದ ರಿಯಾಕ್ಟರುಗಳು ಭಾರಜಲದವು, ವಿನ್ಯಾಸವೇ ಬೇರೆ. ಹೋಲಿಕೆ ಬೇಕೇ ಬೇಕು ಅಂದರೆ ಉತ್ತರ ಪ್ರದೇಶದ ನರೋರಾ ಇದೆ, ಕೈಗಾದಂತೆ 220 ಮೆಗಾವಾಟಿನ ಭಾರಜಲ ರಿಯಾಕ್ಟರುಗಳ ಸ್ಥಾವರ. 1993ರ ಮಾರ್ಚ್ 31ರಂದು ಅಲ್ಲಿ ಟರ್ಬೈನ್ ಬ್ಲೇಡ್ ಮುರಿದು, ಹೈಡ್ರೋಜನ್ ಸೋರಿ ಬೆಂಕಿ ಹತ್ತಿತು. ಕೇಬಲ್‌ಗಳು ಸುಟ್ಟು ಆ ಘಟಕಕ್ಕೆ 17 ಗಂಟೆ ಕರೆಂಟ್ ಇರಲಿಲ್ಲ. ಬೆಂಕಿ ಆರಿಸಲು ಇಟ್ಟಿದ್ದ ಡೀಸೆಲ್ ಪಂಪುಗಳಿಂದ ಸಿಬ್ಬಂದಿ ಸ್ಟೀಮ್ ಜನರೇಟರ್‌ಗೆ ನೀರು ಕೊಟ್ಟು ರಿಯಾಕ್ಟರನ್ನು ತಣ್ಣಗಿಟ್ಟರು. ನನ್ನ ಕೇಳಿದರೆ ಅದು ಬೇರೆಯದೇ ಲೇಖನ. ಇದರ ಬಾಲಕ್ಕೆ ಕಟ್ಟಬೇಡಿ.

ಭಾಷೆ ಬಗ್ಗೆ ಒಂದೇ ಮಾತು. ‘ಶೀತಕದ್ರವ ಪರಿಚಲನಾ ವ್ಯವಸ್ಥೆ’ ಎಂದು ಹನ್ನೊಂದು ಕಡೆ ಇದೆ, ಎಣಿಸಿದೆ. ‘ತಂಪು ಮಾಡುವ ನೀರು’ ಅಂದರೆ ಏನು ನಷ್ಟ?

ತಿದ್ದಿ ಮತ್ತೆ ಕಳಿಸಿ, ಈಗಿನದರ ಅರ್ಧ ಉದ್ದ ಸಾಕು. ಇನ್ನೊಂದು ವಿವರವನ್ನೂ ಸೇರಿಸಿ: ಸ್ಟೀಮ್ ಜನರೇಟರ್‌ಗೆ ತುರ್ತು ನೀರು ಕೊಡುವ ದಾರಿಯ ಎರಡು ವಾಲ್ವ್‌ಗಳೂ ಅಂದು ಮುಚ್ಚಿದ್ದವು. ಅದು ತಿಳಿಯಲು 8 ನಿಮಿಷ ಹಿಡಿಯಿತು. ಒಂದರ ದೀಪದ ಮೇಲೆ ರಿಪೇರಿಯ ಚೀಟಿ ಜೋತು ಬಿದ್ದಿತ್ತು.